ಅರ್ಗಾದ ಧ್ವಜ, ಚೆಂಡಿಯಾದ ಪದಕ

2005ರ ಮೇ 31ರಂದು ಕಾರವಾರದ ಅರ್ಗಾದಲ್ಲಿ ಆಗಿನ ರಕ್ಷಣಾ ಸಚಿವ ಪ್ರಣವ್ ಮುಖರ್ಜಿಯವರು ಹೊಸ ನೌಕಾನೆಲೆಯನ್ನು ದೇಶಕ್ಕೆ ಅರ್ಪಿಸಿದರು. ಯೋಜನೆಯ ಹೆಸರು ಸೀಬರ್ಡ್, ನೆಲೆಗೆ ಇಟ್ಟ ಹೆಸರು ಐಎನ್‌ಎಸ್ ಕದಂಬ. ಕದಂಬರ ಬನವಾಸಿ ಇರುವುದು ಇದೇ ಉತ್ತರ ಕನ್ನಡದ ಶಿರಸಿ ತಾಲ್ಲೂಕಿನಲ್ಲಿ. ಘಟ್ಟದ ಮೇಲಿನ ರಾಜವಂಶದ ಹೆಸರು ಘಟ್ಟದ ಕೆಳಗಿನ ಕಡಲ ನೆಲೆಗೆ ಬಂದಾಗ ಜಿಲ್ಲೆಯ ಜನಕ್ಕೆ ಆದ ಸಂತೋಷ ಸಣ್ಣದಲ್ಲ. ಮುಂಬಯಿ ಬಂದರಿನ ಇಕ್ಕಟ್ಟನ್ನು ಕಂಡ ಅಡ್ಮಿರಲ್ ಒ.ಎಸ್. ಡಾಸನ್ ಅವರು 1980ರ ದಶಕದ ಆರಂಭದಲ್ಲಿ ಕಾರವಾರದ ದಕ್ಷಿಣಕ್ಕೆ, ಬೆನ್ನಿಗೆ ಬೆಟ್ಟ, ಎದುರಿಗೆ ಅಂಜದೀವ್ ದ್ವೀಪ ಇರುವ ಈ ಕೊಲ್ಲಿಯ ಮೇಲೆ ಕಣ್ಣಿಟ್ಟರು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಆ ಕಲ್ಲಿಗೂ ಕದಂಬದ ಧ್ವಜಕ್ಕೂ ನಡುವೆ ಸುಮಾರು 19 ವರ್ಷಗಳ ಅಂತರ. ಆ ವರ್ಷಗಳಲ್ಲಿ ಇಲ್ಲಿನ ಮನೆಗಳಲ್ಲಿ ಏನೇನು ನಡೆಯಿತು ಎಂಬ ಮಾತಿಗೆ ಮುಂದೆ ಬರುತ್ತೇನೆ. ಮೊದಲು ಧ್ವಜದ ಮಾತು.

ನೌಕಾಪಡೆಯ ಲೆಕ್ಕದಲ್ಲಿ ದಡದ ಮೇಲಿನ ನೆಲೆಯೂ ಒಂದು ಹಡಗೇ. ಅದಕ್ಕೇ ಕದಂಬ ಎಂಬ ಹೆಸರಿನ ಹಿಂದೆ ಐಎನ್‌ಎಸ್ ಇದೆ, ಅದಕ್ಕೂ ಕಮಿಷನಿಂಗ್ ನಡೆದಿದೆ. ಗೇಟು ದಾಟಿ ಪೇಟೆಗೆ ಹೊರಟ ನಾವಿಕ ದಡಕ್ಕೆ ಇಳಿದನೆಂದೇ ಅವರ ಭಾಷೆ. ಹಡಗಿನಲ್ಲಿರುವಂತೆ ನೆಲೆಯಲ್ಲೂ ಕ್ವಾರ್ಟರ್ ಡೆಕ್ ಇರುತ್ತದೆ. ಅಲ್ಲಿಗೆ ಕಾಲಿಟ್ಟವರು ಸಲ್ಯೂಟ್ ಮಾಡಿಯೇ ಮುಂದೆ ಹೋಗಬೇಕು. ಬೆಳಗ್ಗೆ ಎಂಟಕ್ಕೆ ಧ್ವಜ ಏರುವ ಸಮಯವನ್ನು ಅವರು ಕಲರ್ಸ್ ಎನ್ನುತ್ತಾರೆ. ಆ ಹೊತ್ತಿಗೆ ಯಾರು ಎಲ್ಲಿದ್ದರೂ, ಕೈಯಲ್ಲಿ ಯಾವ ಕೆಲಸವಿದ್ದರೂ, ಧ್ವಜದತ್ತ ತಿರುಗಿ ನೆಟ್ಟಗೆ ನಿಲ್ಲುತ್ತಾರೆ. ಸಂಜೆ ಸೂರ್ಯ ಮುಳುಗುವ ನಿಮಿಷಕ್ಕೆ ಸರಿಯಾಗಿ ಅದು ಇಳಿಯುತ್ತದೆ. ಏರುವ ಧ್ವಜವೂ ಬದಲಾಗಿದೆ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ವಿಕ್ರಾಂತ್ ಸೇವೆಗೆ ಸೇರಿದ ದಿನ, ಬ್ರಿಟಿಷರ ಕಾಲದಿಂದ ಉಳಿದಿದ್ದ ಕೆಂಪು ಶಿಲುಬೆಯ ಗುರುತು ಹೋಗಿ, ಶಿವಾಜಿಯ ರಾಜಮುದ್ರೆಯಿಂದ ಪ್ರೇರಿತವಾದ ಎಂಟು ಮೂಲೆಯ ನೀಲಿ ಲಾಂಛನ ಬಂತು. ಕದಂಬದಲ್ಲಿ ಈಗ ಹಾರುವುದು ಅದೇ.

ಹಡಗೊಂದು ಸೇವೆಗೆ ಸೇರುವ ಸಮಾರಂಭವನ್ನು ನಮ್ಮ ಕರಾವಳಿಯ ಜನ ದೂರದಿಂದಲೇ ನೋಡಿದ್ದು ಹೆಚ್ಚು. 2017ರ ಮಾರ್ಚ್ 9ರಂದು ಐಎನ್‌ಎಸ್ ತಿಲಾಂಚಾಂಗ್ ಎಂಬ ಚುರುಕು ಗಸ್ತು ಹಡಗು ಸೇವೆಗೆ ಸೇರಿದ್ದು ಕಾರವಾರದಲ್ಲೇ. 2015ರ ಸೆಪ್ಟೆಂಬರ್ 9ರಂದು ರಕ್ಷಣಾ ಸಚಿವ ಮನೋಹರ್ ಪರ್ರೀಕರ್ ಅವರು ಐಎನ್‌ಎಸ್ ವಜ್ರಕೋಶಕ್ಕೆ ಚಾಲನೆ ಕೊಟ್ಟದ್ದೂ ಇಲ್ಲೇ. ಅದು ಕ್ಷಿಪಣಿ ಮತ್ತು ಮದ್ದುಗುಂಡುಗಳನ್ನು ಕಾಯುವ ದಡದ ನೆಲೆ. ಕ್ರಮ ಎಲ್ಲ ಕಡೆಯೂ ಒಂದೇ. ಮುಖ್ಯ ಅತಿಥಿ ಗೌರವ ರಕ್ಷೆಯನ್ನು ಪರಿಶೀಲಿಸುತ್ತಾರೆ. ಹಡಗಿನ ಕಮಾಂಡಿಂಗ್ ಅಧಿಕಾರಿ ಕಮಿಷನಿಂಗ್ ವಾರಂಟನ್ನು ಗಟ್ಟಿಯಾಗಿ ಓದುತ್ತಾರೆ: ಈ ಹೆಸರಿನ ಈ ಹಡಗಿನ ಹೊಣೆಯನ್ನು ನಿಮಗೆ ವಹಿಸಲಾಗಿದೆ ಎಂಬ ಆಜ್ಞಾಪತ್ರ ಅದು. ಬಳಿಕ ರಾಷ್ಟ್ರಗೀತೆ. ಹಡಗಿನ ಹಿಂಬದಿಯಲ್ಲಿ ನೌಕಾಧ್ವಜ ಏರುತ್ತದೆ, ಕೂವೆಮರದ ತುದಿಯಲ್ಲಿ ಸಪೂರ ಕಮಿಷನಿಂಗ್ ಪತಾಕೆ ಬಿಚ್ಚಿಕೊಳ್ಳುತ್ತದೆ. ಆ ಪತಾಕೆ ಹಡಗು ಸೇವೆಯಿಂದ ನಿವೃತ್ತಿಯಾಗುವ ದಿನದವರೆಗೂ ಇಳಿಯುವಂತಿಲ್ಲ. ವಾರಂಟ್ ಓದಿ ಮುಗಿಯುವತನಕ ಅದು ಕಾರ್ಖಾನೆ ಕಟ್ಟಿದ ಕಬ್ಬಿಣ. ಓದಿದ ಮೇಲೆ ಅದಕ್ಕೊಂದು ಹೆಸರಿದೆ, ಹೆಸರಿಗೆ ಉತ್ತರ ಕೊಡುವ ಜನರಿದ್ದಾರೆ. ನನಗೆ ಇಡೀ ಸಮಾರಂಭದ ಜೀವ ಇರುವುದು ಈ ಓದಿನಲ್ಲಿ ಎನ್ನಿಸುತ್ತದೆ. ಬ್ಯಾಂಡು, ಬಿಳಿ ಸಮವಸ್ತ್ರ, ಕತ್ತಿಯ ಹೊಳಪು ಇವೆಲ್ಲ ಕಣ್ಣಿಗೆ ಹಬ್ಬ, ಸರಿ. ಆದರೆ ಹೆಸರನ್ನು ಎಲ್ಲರೆದುರು ಕೂಗಿ ಹೇಳುವುದಕ್ಕಾಗಿಯೇ ಅವೆಲ್ಲ ಸುತ್ತ ನಿಂತಿರುತ್ತವೆ.

ಇಂಥ ಸಂಪ್ರದಾಯಗಳಲ್ಲಿ ಹಲವು ಬ್ರಿಟಿಷ್ ನೌಕಾಪಡೆಯಿಂದ ಬಂದವು. ಹಿರಿಯ ಅಧಿಕಾರಿ ಹಡಗೇರುವಾಗ ಊದುವ ಸಣ್ಣ ಸೀಟಿ ಅಂಥದ್ದೊಂದು. ಕುಶಾಲತೋಪೂ ಕಡಲಿನದೇ ಕೂಸು ಎನ್ನುತ್ತಾರೆ: ತುಂಬಿದ ತೋಪನ್ನು ಖಾಲಿ ಮಾಡಿ, ನಿಮ್ಮ ಮೇಲೆ ಹಾರಿಸಲು ನನ್ನಲ್ಲಿ ಏನೂ ಉಳಿದಿಲ್ಲವೆಂದು ತೋರಿಸುವ ರೀತಿ. ಆದರೆ ಹಡಗನ್ನು ಮೊದಲು ನೀರಿಗಿಳಿಸುವ ದಿನದ ಕ್ರಮ ನಮ್ಮದಾಗಿದೆ. ಅಥರ್ವವೇದದ ಮಂತ್ರ, ತೆಂಗಿನಕಾಯಿ, ಹಡಗಿಗೆ ಹೆಸರಿಡುವ ಹೆಣ್ಣುಮಗಳು. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಅರ್ಪಿಸುವ ಖಾರ್ವಿ, ಹರಿಕಂತ್ರ, ಅಂಬಿಗ ಮನೆಗಳವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಜನವರಿಯ ಕೂರ್ಮಗಡ ಜಾತ್ರೆಗೆ ದೋಣಿಗಳನ್ನು ಬಣ್ಣದ ಬಾವುಟಗಳಿಂದ ಸಿಂಗರಿಸಿ ನರಸಿಂಹನ ದರ್ಶನಕ್ಕೆ ಹೋಗುವವರು, ನೌಕಾ ದಿನದಂದು ಯುದ್ಧನೌಕೆಗಳು ತುದಿಯಿಂದ ತುದಿಗೆ ಬಾವುಟ ಕಟ್ಟಿ ನಿಂತದ್ದನ್ನು ಕಂಡರೆ ಇಂದು ಹಬ್ಬವೆಂದು ತಟ್ಟನೆ ತಿಳಿಯುತ್ತಾರೆ.

ಕಾರವಾರಕ್ಕೆ ಪರೇಡು ನೌಕಾನೆಲೆಯ ಜೊತೆ ಬಂದದ್ದಲ್ಲ. ಜಿಲ್ಲಾ ಕೇಂದ್ರವಾದ್ದರಿಂದ ಪೊಲೀಸ್ ಕವಾಯತು ಮೈದಾನದಲ್ಲಿ ಆಗಸ್ಟ್ 15, ಜನವರಿ 26, ನವೆಂಬರ್ 1ರ ಪಥಸಂಚಲನ ನಡೆದುಕೊಂಡೇ ಬಂದಿದೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆ, ನಾಗರಿಕ ಪೊಲೀಸ್, ಗೃಹರಕ್ಷಕರು, ಅರಣ್ಯ ಇಲಾಖೆ, ಎನ್‌ಸಿಸಿ, ಸೇವಾದಳದ ಮಕ್ಕಳು. ಸಾವಧಾನ್, ವಿಶ್ರಾಮ್, ದಾಯಿನೇ ದೇಖ್ ಎಂಬ ಕೂಗುಗಳನ್ನು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಬಾಯಿಪಾಠ ಮಾಡಿಕೊಂಡು ಬೆಳೆದವರು. ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನ ಮಾತ್ರ ಬೇರೆ ತೆರನಾದದ್ದು. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನಾ ಸೈನಿಕರ ಗುಂಡಿಗೆ ಬಲಿಯಾದ ಹತ್ತು ಪೊಲೀಸರ ನೆನಪಿನ ದಿನ ಅದು. ಬಂದೂಕಿನ ಬಾಯಿಯನ್ನು ನೆಲಕ್ಕೆ ತಿರುಗಿಸಿ ತಲೆಬಾಗುವ ಶೋಕ ಶಸ್ತ್ರದ ಭಂಗಿ, ಆ ವರ್ಷ ಮಡಿದವರ ಹೆಸರುಗಳ ಓದು, ಕಹಳೆ, ಮೂರು ಸುತ್ತು ಗುಂಡು. ಇಲ್ಲಿಯೂ ನಡುವಿನಲ್ಲಿರುವುದು ಹೆಸರುಗಳ ಓದೇ.

ಈ ಜಿಲ್ಲೆಯ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ರಾಘೋಬಾ ರಾಣೆ. ಕಾರವಾರ ತಾಲ್ಲೂಕಿನ ಚೆಂಡಿಯಾದವರು. ಅವರ ಮಗ ರಾಮ 1918ರ ಜೂನ್ 26ರಂದು ಹುಟ್ಟಿದ. ರಾಮ ರಾಘೋಬಾ ರಾಣೆ 1940ರ ಜುಲೈ 10ರಂದು ಬಾಂಬೆ ಎಂಜಿನಿಯರ್ಸ್‌ಗೆ ಸಿಪಾಯಿಯಾಗಿ ಸೇರಿದರು. ತರಬೇತಿ ಮುಗಿದಾಗ ತಂಡದ ಅತ್ಯುತ್ತಮ ರಿಕ್ರೂಟ್ ಎಂದು ಅವರಿಗೆ ಕಮಾಂಡೆಂಟ್ಸ್ ಕೇನ್ ಸಿಕ್ಕಿತು. ಅದು ಒಂದು ಬೆತ್ತ, ಅಷ್ಟೆ. ಸಂಬಳ ಹೆಚ್ಚಿಸುವಂಥದ್ದಲ್ಲ, ಎದೆಗೆ ಚುಚ್ಚಿಕೊಳ್ಳುವಂಥದ್ದೂ ಅಲ್ಲ. ಆದರೂ ಚೆಂಡಿಯಾದ ಹುಡುಗನೊಬ್ಬನ ಹೆಸರನ್ನು ಸೈನ್ಯ ಎತ್ತಿ ಹೇಳಿದ್ದು ಆಗಲೇ ಮೊದಲು. ಅಲ್ಲಿಂದ ಬರ್ಮಾ ಯುದ್ಧ, ಅರಾಕಾನ್ ಕಾಡು. 1947ರ ಡಿಸೆಂಬರ್ 15ರಂದು ಎಂಜಿನಿಯರ್ಸ್ ಕೋರಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್.

ನಾಲ್ಕೇ ತಿಂಗಳಿಗೆ ಕಾಶ್ಮೀರ. ನೌಶೇರಾದಿಂದ ರಾಜೌರಿಗೆ ಸೈನ್ಯ ಮುಂದೊತ್ತಬೇಕು, ದಾರಿಯುದ್ದಕ್ಕೂ ಮೈನು, ಕಡಿದು ಕೆಡವಿದ ಮರ, ಒಡೆದ ಮೋರಿ, ಬೆಟ್ಟದ ಮೇಲಿಂದ ಮಷಿನ್‌ಗನ್. ಟ್ಯಾಂಕು ಹೋಗದೆ ರಾಜೌರಿ ಸಿಗದು, ದಾರಿಯಾಗದೆ ಟ್ಯಾಂಕು ಹೋಗದು. 1948ರ ಏಪ್ರಿಲ್ 8ರಂದು ಬರ್ವಾಲಿ ಏಣಿನ ಬಳಿ 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ರಾಣೆಯವರ ತಂಡ ಕೆಲಸಕ್ಕೆ ಇಳಿಯುತ್ತಲೇ ಮಾರ್ಟರ್ ಗುಂಡು ಬಿದ್ದು ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಅವರು ಹಿಂದೆ ಸರಿಯಲಿಲ್ಲ. ಚಲಿಸುವ ಟ್ಯಾಂಕಿನ ಎರಡು ಪಟ್ಟಿಗಳ ನಡುವೆ ಹೊಟ್ಟೆಯ ಮೇಲೆ ತೆವಳುತ್ತ, ಚಾಲಕನಿಗೆ ಕಟ್ಟಿದ ಹಗ್ಗವನ್ನು ಎಳೆದು ನಿಲ್ಲು, ನಡೆ ಎಂದು ತಿಳಿಸುತ್ತ ಮೈನುಗಳನ್ನು ತೆಗೆದರು. ಏಪ್ರಿಲ್ 11ರಂದು ಬೆಳಗ್ಗೆ 11ರೊಳಗೆ ಚಿಂಗಸ್‌ವರೆಗಿನ ದಾರಿಯನ್ನು ಬಿಡಿಸಿ, ರಾತ್ರಿ 10ರವರೆಗೂ ಮುಂದಿನ ದಾರಿಗಾಗಿ ದುಡಿದರು. ಯುದ್ಧದ ಕಥೆಗಳಲ್ಲಿ ಕೊಂದವರ ಲೆಕ್ಕ ಬೇಗ ಹರಡುತ್ತದೆ. ರಾಣೆಯವರದು ದಾರಿ ಮಾಡಿದವನ ಶೌರ್ಯ; ಕೈಯಲ್ಲಿ ಆಯುಧಕ್ಕಿಂತ ಹೆಚ್ಚಾಗಿ ಗುದ್ದಲಿ, ಹಗ್ಗ, ಸ್ಫೋಟಕ. ನನಗೆ ಈ ಕಾರಣಕ್ಕೇ ಅವರ ಮೇಲೆ ಗೌರವ ಇನ್ನೂ ಹೆಚ್ಚು.

ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಗಿ. ಸಾವಿತ್ರಿ ಖಾನೋಲ್ಕರ್ ರೂಪಿಸಿದ ಕಂಚಿನ ಪದಕ, ನಾಲ್ಕು ಕಡೆ ಇಂದ್ರನ ವಜ್ರಾಯುಧ, ನೇರಳೆ ಪಟ್ಟಿ. ಆ ಕಾಶ್ಮೀರ ಯುದ್ಧದಲ್ಲಿ ಅದು ಐವರಿಗೆ ಸಂದಿತು. ಮೂವರಿಗೆ ಮರಣೋತ್ತರವಾಗಿ, ಬದುಕಿದ್ದು ಪಡೆದವರು ರಾಣೆ ಮತ್ತು ಕರಮ್ ಸಿಂಗ್ ಇಬ್ಬರೇ. 1950ರ ಜೂನ್ 21ರ ಗೆಜೆಟ್‌ನಲ್ಲಿ ಚೆಂಡಿಯಾದ ರಾಣೆಯವರ ಹೆಸರು ಅಚ್ಚಾಯಿತು. ಕಾರವಾರ ಆಗ ಮುಂಬಯಿ ರಾಜ್ಯದಲ್ಲಿತ್ತು. ಇಂದಿನ ಕರ್ನಾಟಕಕ್ಕೆ ಸೇರಿದ ಏಕೈಕ ಪರಮವೀರ ಚಕ್ರ ಅದು. ದಿಲ್ಲಿಯ ಗಣರಾಜ್ಯೋತ್ಸವ ಪಥಸಂಚಲನದಲ್ಲಿ ಪರಮವೀರ ಚಕ್ರ, ಅಶೋಕ ಚಕ್ರ ಪಡೆದವರ ಜೀಪುಗಳು ಮುಂಚೂಣಿಯಲ್ಲಿ ಸಾಗುತ್ತವೆ. ತುಕಡಿಗಳು ಬರುವುದು ಅವುಗಳ ಹಿಂದೆ. ಪದವಿಯಲ್ಲಿ ಎಷ್ಟೋ ಕಿರಿಯನಾದವನೂ ಆ ಪಟ್ಟಿ ಎದೆಯ ಮೇಲಿದ್ದರೆ ಇಡೀ ಸೈನ್ಯಕ್ಕಿಂತ ಮುಂದೆ ಹೋಗುತ್ತಾನೆ.

ಮೇಜರ್ ಆಗಿ ನಿವೃತ್ತರಾದ ರಾಣೆ 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. ಅವರ ಹೆಸರು ಮಾತ್ರ ಬೇರೆ ಬೇರೆ ರೂಪ ತಾಳಿ ತಿರುಗಾಡಿತು. 1984ರಲ್ಲೇ ಭಾರತೀಯ ಹಡಗು ನಿಗಮ ತನ್ನ ಕಚ್ಚಾ ತೈಲದ ಹಡಗೊಂದಕ್ಕೆ ಅವರ ಹೆಸರಿಟ್ಟಿತ್ತು. 2006ರ ನವೆಂಬರ್ 7ರಂದು ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಪ್ರತಿಮೆ ನಿಂತಿತು. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ ಪರಮವೀರರ ಹೆಸರುಗಳನ್ನು ಇಟ್ಟಾಗ ಅವುಗಳಲ್ಲೊಂದು ರಾಣೆ ದ್ವೀಪವಾಯಿತು. ಚೆಂಡಿಯಾ ಇರುವುದು ಅರ್ಗಾ, ಅಮದಳ್ಳಿಗಳ ಆಸುಪಾಸಿನಲ್ಲಿ, ಹೆದ್ದಾರಿಯಲ್ಲಿ ಅಂಕೋಲಾ ಕಡೆ ಹೊರಟರೆ ಸಿಗುವ ಊರು. ದೇಶದ ಅತಿದೊಡ್ಡ ಶೌರ್ಯ ಪದಕ ಪಡೆದವರ ಊರೂ ನೌಕಾಪಡೆಯ ಅತಿದೊಡ್ಡ ನೆಲೆಗಳಲ್ಲೊಂದೂ ಹೀಗೆ ಒಂದಕ್ಕೊಂದು ಅಂಟಿಕೊಂಡಿರುವುದನ್ನು ಹೊರಗಿನವರಿಗೆ ನಾವು ಇನ್ನೂ ಗಟ್ಟಿಯಾಗಿ ಹೇಳಬೇಕು.

ಪ್ರತಿಮೆಯ ಪಕ್ಕದಲ್ಲಿ ನಿಂತಿರುವುದು ಐಎನ್‌ಎಸ್ ಚಪಲ್, ಈಗ ಯುದ್ಧನೌಕಾ ಸಂಗ್ರಹಾಲಯ. 1976ರಲ್ಲಿ ಸೇವೆಗೆ ಸೇರಿದ ಈ ಕ್ಷಿಪಣಿ ದೋಣಿ ನಿವೃತ್ತವಾದದ್ದು 2005ರ ಮೇ ತಿಂಗಳಲ್ಲಿ, ಕದಂಬ ಸೇವೆಗೆ ಸೇರಿದ ಅದೇ ತಿಂಗಳು. 1971ರ ಡಿಸೆಂಬರ್ 4ರ ಕರಾಚಿ ದಾಳಿಯಲ್ಲಿ ಚಪಲ್ ಪಾಲ್ಗೊಂಡಿತ್ತೆಂದು ಪ್ರವಾಸಿಗರು ಹೇಳಿಕೊಳ್ಳುವುದುಂಟು. ಆ ರಾತ್ರಿಯ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್, ವೀರ್. ಚಪಲ್ ಅವುಗಳ ಕಿರಿಯ ತಲೆಮಾರು. ಕುಲದ ಕೀರ್ತಿಯೇ ಸಾಕಷ್ಟಿರುವಾಗ ಇಲ್ಲದ್ದನ್ನು ಸೇರಿಸುವ ಅಗತ್ಯವಿಲ್ಲ. ಹಡಗಿನ ನಿವೃತ್ತಿಯೂ ಒಂದು ವಿಧಿ. ಸೂರ್ಯಾಸ್ತಕ್ಕೆ ನೌಕಾಧ್ವಜ ಕೊನೆಯ ಸಲ ಇಳಿಯುತ್ತದೆ, ಸೇವೆಗೆ ಸೇರಿದ ದಿನ ಬಿಚ್ಚಿದ್ದ ಪತಾಕೆಯೂ ಇಳಿಯುತ್ತದೆ, ಕಹಳೆ ಮೊಳಗುತ್ತದೆ. ಆ ಹಡಗಿನಲ್ಲಿ ದುಡಿದ ಹಳಬರು ಊರೂರಿಂದ ಬಂದು ಸೇರುತ್ತಾರೆ.

ಇನ್ನು ಅಂಜದೀವ್. ಕದಂಬದ ಅಲೆತಡೆಗೋಡೆ ಇಂದು ಯಾವ ದ್ವೀಪಕ್ಕೆ ಆತುಕೊಂಡಿದೆಯೋ ಅದು 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷದ ನವೆಂಬರಿನಲ್ಲಿ ದ್ವೀಪದಿಂದ ಸಾಬರಮತಿ ಎಂಬ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿತು. ಮೀನುಗಾರರ ಮೇಲೂ ಹಾರಿತು, ಒಬ್ಬರು ಸತ್ತರು. ಗೋವಾ ವಿಮೋಚನೆಗೆ ದಿಲ್ಲಿ ನಿರ್ಧಾರ ಕೈಗೊಳ್ಳುವಲ್ಲಿ ಈ ಸುದ್ದಿಗಳದೂ ಪಾಲಿದೆ. ಡಿಸೆಂಬರ್ 18ರ ಬೆಳಗ್ಗೆ ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ದ್ವೀಪದ ಎದುರು ಬಂದವು. ಬಿಳಿ ಬಾವುಟ ಕಂಡು ದಡಕ್ಕಿಳಿದ ನಾವಿಕರ ಮೇಲೆ ಗುಂಡಿನ ಮಳೆಯಾಯಿತೆಂಬುದು ನೌಕಾಪಡೆಯ ದಾಖಲೆ. ಏಳು ಜನ ನಾವಿಕರು ಪ್ರಾಣ ಕೊಟ್ಟರು. ಅವರ ಸ್ಮಾರಕ ಇರುವುದು ಗೋವಾದ ಐಎನ್‌ಎಸ್ ಗೋಮಂತಕದಲ್ಲಿ. ದ್ವೀಪದ ಹೆಸರನ್ನು ಹೊತ್ತ ಐಎನ್‌ಎಸ್ ಅಂಜದೀಪ್ ಎಂಬ ಹಡಗು 2003ರಲ್ಲಿ ನಿವೃತ್ತವಾಯಿತು; ಅದೇ ಹೆಸರಿನ ಹೊಸ ಹಡಗನ್ನು 2025ರ ಡಿಸೆಂಬರಿನಲ್ಲಿ ನೌಕಾಪಡೆಗೆ ಒಪ್ಪಿಸಲಾಗಿದೆ. ಹಳೆಯ ಹಡಗು ಹೋದರೂ ಹೆಸರು ಸಾಯದಂತೆ ಹೊಸದಕ್ಕೆ ಕೊಡುವುದು ನೌಕಾಪಡೆಯ ದೊಡ್ಡ ಗುಣ.

ಐಎನ್‌ಎಸ್ ಮೈಸೂರಿನ ಲಾಂಛನ ಗಂಡಭೇರುಂಡ. ನಮ್ಮ ರಾಜ್ಯದ ಮುದ್ರೆಯ ನಡುವೆ ಇರುವ ಅದೇ ಎರಡು ತಲೆಯ ಹಕ್ಕಿ. 2025ರ ಮೇ 21ರಂದು ಆ ಹಕ್ಕಿ ಇದೇ ನೀರಿಗೆ ಮತ್ತೆ ಬಂತು, ಈ ಸಲ ಹಾಯಿಯ ಮೇಲೆ. ಅಂದು ಕಾರವಾರದಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿತು. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೋವಾದಲ್ಲಿ ಕಟ್ಟಿದ ಹಡಗು. ಹಾಯಿಯ ಮೇಲೆ ಗಂಡಭೇರುಂಡ ಮತ್ತು ಸೂರ್ಯ, ಮುಂಭಾಗದಲ್ಲಿ ಸಿಂಹ ಯಾಳಿ. ಅದೇ ವರ್ಷದ ಡಿಸೆಂಬರ್ 29ರಂದು ಅದು ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು.

2025 ಕದಂಬಕ್ಕೆ 20 ತುಂಬಿದ ವರ್ಷ, ಕಾರವಾರದ ಕಡಲಿಗೆ ಸಮಾರಂಭಗಳ ವರ್ಷವೂ ಹೌದು. ಏಪ್ರಿಲ್ 5ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಇಲ್ಲಿಂದ ಐಎನ್‌ಎಸ್ ಸುನಯನಾವನ್ನು ಬೀಳ್ಕೊಟ್ಟರು. ಅದರಲ್ಲಿ ಕೊಮೊರೋಸ್‌ನಿಂದ ತಾಂಜಾನಿಯಾದವರೆಗೆ ಹಿಂದೂ ಮಹಾಸಾಗರದ ಒಂಬತ್ತು ಮಿತ್ರ ದೇಶಗಳ 44 ನಾವಿಕರು ನಮ್ಮವರ ಜೊತೆಗಿದ್ದರು. ಅಕ್ಟೋಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಗೋವಾ–ಕಾರವಾರದ ಆಚೆಯ ಕಡಲಿನಲ್ಲಿ ವಿಕ್ರಾಂತ್ ಮೇಲೆ ದೀಪಾವಳಿ ಆಚರಿಸಿದರು. ಯುದ್ಧನೌಕೆಗಳು ಸಾಲಾಗಿ ಹಾದುಹೋಗಿ ವಂದಿಸಿದವು. ಡಿಸೆಂಬರ್ 28ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಕಾರವಾರದಿಂದ ಐಎನ್‌ಎಸ್ ವಾಗ್‌ಶೀರ್ ಜಲಾಂತರ್ಗಾಮಿಯಲ್ಲಿ ಕಡಲೊಳಗೆ ಇಳಿದರು. ಮೂರೂ ಸೇನೆಗಳ ಮಹಾದಂಡನಾಯಕರು ಜಲಾಂತರ್ಗಾಮಿಯಲ್ಲಿ ಸಾಗಿದ್ದು ಅಬ್ದುಲ್ ಕಲಾಮರ ನಂತರ ಅದೇ ಎರಡನೆಯ ಸಲ.

ಅಂಕೋಲಾದ ಗೌರವದ ಕಥೆ ಸಮವಸ್ತ್ರದ್ದಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಲ್ಲಿ ಉಪ್ಪಿನ ಕಾನೂನು ಮುರಿದರು, ಊರಿಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಆ ಕಾಲದ ಕನ್ನಡ ನಾಡಿನಲ್ಲಿ ಜನರಿಗೆ ಕವಾಯತು, ಧ್ವಜವಂದನೆಗಳನ್ನು ಕಲಿಸಿದ್ದು ಹುಬ್ಬಳ್ಳಿಯ ನಾ.ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳ. ತಿಂಗಳ ಕೊನೆಯ ಭಾನುವಾರ ಧ್ವಜಕ್ಕೆ ವಂದಿಸುವ ಕ್ರಮ ಅದರದು. ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಜಮೀನು ಕಳೆದುಕೊಂಡರು. ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಆ ಜಮೀನುಗಳು ಮರಳಿದವು. ಅರ್ಧ ಶತಮಾನ ಕಳೆದು ಅಂಕೋಲಾದ ಜನ ಕಾರವಾರದವರ ಜೊತೆಗೂಡಿ ಮತ್ತೆ ದೇಶಕ್ಕಾಗಿ, ಈ ನೌಕಾನೆಲೆಗಾಗಿ, ನೆಲ ಬಿಟ್ಟರು. ಈ ಸಲದ್ದು ಮರಳುವಂಥದ್ದಲ್ಲ. ಸಾವಿರಾರು ಕುಟುಂಬ ಗದ್ದೆ, ತೋಟ, ದೋಣಿ ಎಳೆಯುವ ದಂಡೆ, ದೇವಸ್ಥಾನದ ಅಂಗಳ ಬಿಟ್ಟು ತೋಡೂರು, ಮುದಗಾ, ಅಮದಳ್ಳಿಯ ನಿರಾಶ್ರಿತರ ಕಾಲೊನಿಗಳಿಗೆ ಬಂದವು. ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದವು. ಅಂಕೋಲಾದ ಅಲಗೇರಿಯಲ್ಲಿ ನೌಕಾ ವಿಮಾನ ನಿಲ್ದಾಣಕ್ಕಾಗಿ ಇನ್ನಷ್ಟು ಮನೆಗಳು ಈ ದಾರಿ ಹಿಡಿದವು. ಇಪ್ಪತ್ತು ವರ್ಷದ ಪಥಸಂಚಲನಗಳು ನಡೆದಿರುವುದು ಈ ಜನರ ನೆಲದ ಮೇಲೆ.

ಶಿಷ್ಟಾಚಾರದಲ್ಲಿ ಈ ಜನರ ತ್ಯಾಗಕ್ಕೆ ಜಾಗವೆಲ್ಲಿ ಎಂದು ಕೇಳುವವರಿದ್ದಾರೆ. 2021ರ ನವೆಂಬರ್ 8ರಂದು ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನದ ದರ್ಬಾರ್ ಹಾಲಿಗೆ ಹೋದದ್ದು ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಿನಲ್ಲಿ. ದೇಶದ ಅತ್ಯಂತ ಕಟ್ಟುನಿಟ್ಟಿನ ಸಭಾಂಗಣ ಅವರನ್ನು ಅವರಂತೆಯೇ ಬರಮಾಡಿಕೊಂಡಿತು. ಕದಂಬಕ್ಕೂ ಅದು ಕಷ್ಟವಾಗದು. ಪ್ರತಿವರ್ಷ ಮೇ 31ರ ಬೆಳಗ್ಗೆ ಎಂಟಕ್ಕೆ ಧ್ವಜ ಏರಿದ ಮೇಲೆ, ಗೌರವ ರಕ್ಷೆ ನಿಂತಿರುವಂತೆಯೇ, ಅಂಜದೀವ್‌ನಲ್ಲಿ ಮಡಿದ ಏಳು ನಾವಿಕರ ಹೆಸರುಗಳನ್ನೂ ಮೇಜರ್ ರಾಣೆಯವರ ಹೆಸರನ್ನೂ ಓದಲಿ. ಅವುಗಳ ಬೆನ್ನಿಗೆ ಅರ್ಗಾದಿಂದ ಅಲಗೇರಿಯವರೆಗೆ ನೆಲ ಕೊಟ್ಟ ಊರುಗಳ ಹೆಸರುಗಳನ್ನು ಒಂದೊಂದಾಗಿ ಓದಲಿ, ಕಾಲೊನಿಗಳ ಹಿರಿಯರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ. ಊರುಗಳ ಪಟ್ಟಿ ಭೂಸ್ವಾಧೀನದ ಕಡತಗಳಲ್ಲಿ ಸಿದ್ಧವಾಗಿಯೇ ಇದೆ. ಕಮಾಂಡಿಂಗ್ ಅಧಿಕಾರಿ ಅದನ್ನು ಓದಿ ಮುಗಿಸಲು ಐದು ನಿಮಿಷವೂ ಬೇಕಾಗದು.